ಕಸ ಗುಡಿಸಲು ಬಂದವರೇ ಊಟವಾದಾಗ: ಒಂದು ಮ್ಯಾಂಟಿಸ್ ಶ್ರಿಂಪ್ ಟ್ಯಾಂಕಿನ ಪ್ರಕರಣ

ಮುಚ್ಚಳ ಎತ್ತಿದ ಕೂಡಲೇ ಮೂಗಿಗೆ ಬಡಿಯಿತು. ಕೊಳೆತ ಮೊಟ್ಟೆಯ ವಾಸನೆ. ಜೋರಾಗೇನೂ ಇರಲಿಲ್ಲ, ಆದರೆ ಬೇರೇನೋ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇರಲಿಲ್ಲ. ಅಂದು ಸಂಜೆ ನೀರು ಅಳೆದೆ. ಕೊಳೆತದ್ದರಿಂದ ಹುಟ್ಟುವ ನೈಟ್ರೇಟ್ 80 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 80 ಪಾಲು. ಸೊನ್ನೆ ಇರಬೇಕಾದ ಅಮೋನಿಯ 0.25. ಮರಳಿನ ಮೇಲೆ ಕೆಂಪು ಲೋಳೆಯ ಹಾಸು. ಯಾರಿಗಾಗಿ ಈ ಟ್ಯಾಂಕ್ ಕಟ್ಟಿದ್ದೆನೋ ಆ ಪ್ರಾಣಿ ಮೂರು ದಿನದಿಂದ ಮುಖ ತೋರಿಸಿರಲಿಲ್ಲ.

ಟ್ಯಾಂಕ್ ನನ್ನದೇ. ತಪ್ಪೂ ನನ್ನದೇ. ಆಗ ಅದಕ್ಕೆ ಮೂರು ತಿಂಗಳು. ಏನು ತಪ್ಪಾಯಿತು, ಹೇಗೆ ಸರಿಯಾಯಿತು ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಟ್ಯಾಂಕ್ ಮತ್ತು ಅದರ ಯಜಮಾನ

150 ಲೀಟರಿನ ಗಾಜಿನ ಟ್ಯಾಂಕ್. ಕೆಳಗೆ ಅದಕ್ಕೆ ಜೋಡಿಸಿದ 40 ಲೀಟರಿನ ಪುಟ್ಟ ತೊಟ್ಟಿ, ಅಂದರೆ ಸಂಪ್. ಸಂಪಿನಲ್ಲಿ ಪ್ರೋಟೀನ್ ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಸಾಧನ) ಮತ್ತು ಹೀಟರ್. ಹೀಟರನ್ನು ಕೆಳಗಿಟ್ಟದ್ದು ಬೇಕೆಂದೇ. ಮೇಲಿನ ಟ್ಯಾಂಕಿನಲ್ಲಿ ಗಾಜಿನ ಸಾಮಾನು ಇಟ್ಟರೆ ಅದು ಎಷ್ಟು ದಿನ ಉಳಿದೀತು ಎಂದು ಹೇಳುವಂತಿಲ್ಲ. ಲೈವ್ ರಾಕ್, ಅಂದರೆ ಸಣ್ಣ ಜೀವಿಗಳು ನೆಲೆಸಿರುವ ಸಮುದ್ರದ ಕಲ್ಲುಗಳನ್ನು ಮರಳಿನ ಮೇಲೆ ಇಡದೆ ನೇರವಾಗಿ ತಳಕ್ಕೇ ತಾಗುವಂತೆ ಇಟ್ಟಿದ್ದೆ. ಈ ಪ್ರಾಣಿ ಕಲ್ಲಿನ ಬುಡವನ್ನು ತೋಡುತ್ತದೆ. ಮರಳ ಮೇಲೆ ನಿಂತ ಕಲ್ಲು ಒಂದು ದಿನ ಅದರ ಮೇಲೇ ಕುಸಿಯುತ್ತದೆ. ತಳಕ್ಕೆ ತೆಳುವಾದ ಅಕ್ರಿಲಿಕ್ ಹಾಳೆಯನ್ನೂ ಹಾಸಿದ್ದೆ. ಇಷ್ಟೆಲ್ಲ ಮುಂದಾಲೋಚನೆ ಮಾಡಿದವನು ಒಂದು ಪೈಪಿನ ವಿಷಯದಲ್ಲಿ ಎಡವಿದೆ. ಅದು ಆಮೇಲೆ.

ಯಜಮಾನ ಒಂದು ನವಿಲು ಮ್ಯಾಂಟಿಸ್ ಶ್ರಿಂಪ್. ಶಾಸ್ತ್ರೀಯ ಹೆಸರು ಒಡೊಂಟೊಡ್ಯಾಕ್ಟೈಲಸ್ ಸಿಲ್ಲಾರಸ್. ನನ್ನದು ಸುಮಾರು 12 ಸೆಂಟಿಮೀಟರ್ ಉದ್ದವಿದೆ. ಈ ಜಾತಿ 18 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಹೆಸರಿನಲ್ಲಿ ಶ್ರಿಂಪ್ ಇದ್ದರೂ ಇದು ಸಿಗಡಿಯಲ್ಲ. ಸೂರ್ಯನ ಕುದುರೆಯಂತೆ ಮುಂಗಾಲು ಮಡಚಿ ಕೂರುತ್ತದೆ, ಆದರೆ ಕೀಟವೂ ಅಲ್ಲ. ಸ್ಟೊಮಾಟೊಪೋಡ ಎಂಬ ಬೇರೆಯದೇ ಗುಂಪು. ಈ ಗುಂಪಿನಲ್ಲಿ ಎರಡು ಬಗೆಯ ಬೇಟೆಗಾರರಿದ್ದಾರೆ. ಒಂದು ಬಗೆಗೆ ಮುಳ್ಳಿನ ಈಟಿ, ಅವು ಮರಳಿನಲ್ಲಿ ಅಡಗಿ ಹೊಂಚು ಹಾಕಿ ಮೀನು ಚುಚ್ಚುತ್ತವೆ. ಇನ್ನೊಂದಕ್ಕೆ ಸುತ್ತಿಗೆ, ಅವು ಚಿಪ್ಪು ಒಡೆಯುತ್ತವೆ. ನವಿಲಿನದು ಸುತ್ತಿಗೆ. 2004ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಆ ಸುತ್ತಿಗೆಯ ವೇಗ ಸೆಕೆಂಡಿಗೆ 23 ಮೀಟರ್ ತನಕ ಹೋಗುತ್ತದೆ. ಆ ವೇಗಕ್ಕೆ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ಅದೇ ಎರಡನೇ ಪೆಟ್ಟು. ಟರ್ಬೊ ಬಸವನಹುಳುವಿನ ಗಟ್ಟಿ ಚಿಪ್ಪು ಇದರ ಮುಂದೆ ಕಡಲೆಕಾಯಿ ಸಿಪ್ಪೆ.

ಸ್ವಚ್ಛತಾ ಪಡೆ

ಸಮುದ್ರದ ನೀರಿನ ಅಕ್ವೇರಿಯಂ ಇಟ್ಟವರಿಗೆಲ್ಲ ಒಂದು ಪಾಠ ಬಾಯಿಪಾಠವಾಗಿರುತ್ತದೆ. ಬಸವನಹುಳು ಬಿಡಿ, ಖಾಲಿ ಚಿಪ್ಪಿನಲ್ಲಿ ವಾಸಿಸುವ ಹರ್ಮಿಟ್ ಏಡಿ ಬಿಡಿ, ಅವು ಪಾಚಿ ತಿನ್ನುತ್ತವೆ, ಉಳಿದ ಆಹಾರ ತಿನ್ನುತ್ತವೆ, ಟ್ಯಾಂಕ್ ತಾನೇ ಸ್ವಚ್ಛವಾಗಿರುತ್ತದೆ. ನಾನೂ ಅದನ್ನೇ ಮಾಡಿದೆ. ಎಂಟು ಟರ್ಬೊ, ಹತ್ತು ಹರ್ಮಿಟ್ ಬಿಟ್ಟೆ. ಮ್ಯಾಂಟಿಸ್ ಇವುಗಳನ್ನು ತಿನ್ನುತ್ತದೆ ಎಂದು ಗೊತ್ತಿರಲಿಲ್ಲ ಅಂತಲ್ಲ. ಹೊಟ್ಟೆ ತುಂಬಿಸಿಟ್ಟರೆ ಬಿಟ್ಟುಬಿಡುತ್ತದೆ ಎಂಬ ಆಸೆ.

ಹೊಟ್ಟೆ ತುಂಬಿದ್ದರೂ ಅದು ಬಿಡಲಿಲ್ಲ. ಹೊಟ್ಟೆ ತುಂಬಿದಾಗ ಇನ್ನೊಂದು ಕೆಟ್ಟ ಅಭ್ಯಾಸ ಶುರುವಾಯಿತು: ಒಡೆಯುವುದು, ನಾಲ್ಕು ತುತ್ತು ತಿನ್ನುವುದು, ಉಳಿದದ್ದನ್ನು ಎಸೆಯುವುದು. ರಾತ್ರಿ ನಡುಮನೆಯಲ್ಲಿ ಕೂತರೆ ಟಕ್, ಟಕ್ ಎಂದು ಕೇಳುತ್ತಿತ್ತು. ಇಪ್ಪತ್ತನೇ ದಿನಕ್ಕೆ ಹರ್ಮಿಟ್‌ಗಳು ಪೂರ್ತಿ ಖಾಲಿ. ಗಾಜಿನ ಮೇಲೆ ಪಾಚಿ ಜಾಸ್ತಿಯಾಯಿತು. ಪಾಚಿ ಜಾಸ್ತಿಯಾಗಿದೆಯಲ್ಲ ಎಂದು ನಾನು ಇನ್ನೂ ಹನ್ನೆರಡು ಟರ್ಬೊ, ಐದು ಹರ್ಮಿಟ್ ತಂದು ಬಿಟ್ಟೆ.

ತಮ್ಮ ನೋಡಿ ನಕ್ಕ. "ಅಣ್ಣ, ನೀನು ಇದಕ್ಕೆ ಸ್ವಚ್ಛತಾ ಪಡೆ ಅಂತೀಯ. ಅದು ಬುತ್ತಿ ಅನ್ಕೊಂಡಿದೆ."

ಅವನ ಮಾತು ತಮಾಷೆಯಾಗಿ ಕೇಳಿತ್ತು. ಲೆಕ್ಕ ಹಾಕಿದಾಗ ತಮಾಷೆ ಉಳಿಯಲಿಲ್ಲ. ಎಂಟು ವಾರದಲ್ಲಿ 20 ಟರ್ಬೊ, 15 ಹರ್ಮಿಟ್, ಒಟ್ಟು 35 ಜೀವ. ವಾರಕ್ಕೆ ನಾಲ್ಕಕ್ಕಿಂತ ಹೆಚ್ಚು. ಇದರ ಜೊತೆಗೆ ನಾನು ಇಕ್ಕಳದಲ್ಲಿ ಹಿಡಿದು ವಾರಕ್ಕೆ ಮೂರು ಸಲ ಫ್ರೀಜ್ ಮಾಡಿದ ಸಿಗಡಿ, ಸ್ಕ್ವಿಡ್ ಕೊಡುತ್ತಿದ್ದೆ. ಮೂರು ಊಟ ಎಂದು ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಟ್ಯಾಂಕಿಗೆ ಬೀಳುತ್ತಿದ್ದದ್ದು ಏಳು ಊಟ. ಅದರಲ್ಲಿ ಅರ್ಧ ತಿನ್ನದೆ ಬಿಟ್ಟದ್ದು. ನೈಟ್ರೇಟ್ ಏರದೆ ಇನ್ನೇನು ಮಾಡೀತು?

ಬಾಗಿಲು ಮುಚ್ಚಿದ ಹನ್ನೊಂದು ದಿನ

ವಾಸನೆ ಬಂದ ದಿನ ಮೊದಲು ಮಾಡಬೇಕೆನಿಸಿದ್ದು ಎಲ್ಲವನ್ನೂ ಕಿತ್ತು ತೊಳೆಯುವುದು. ಮಾಡಲಿಲ್ಲ. ಕಾರಣ ಬಿಲದ ಬಾಗಿಲು. ಬಿಲವಾಗಲಿ ಎಂದು ನಾನು ಹೂತಿದ್ದ ಪೈಪಿನ ಮುಂದಿನ ಬಾಯಿಗೆ ಪ್ರಾಣಿ ಒಳಗಿನಿಂದ ಚಿಪ್ಪಿನ ಚೂರು, ಜಲ್ಲಿ ತುಂಬಿ ಗೋಡೆ ಕಟ್ಟಿತ್ತು. ಮ್ಯಾಂಟಿಸ್ ಹೀಗೆ ಬಾಗಿಲು ಹಾಕಿಕೊಂಡರೆ ಸಾಮಾನ್ಯವಾಗಿ ಪೊರೆ ಬಿಡಲು ತಯಾರಾಗುತ್ತಿದೆ ಎಂದರ್ಥ. ಆಗ ಹಳೇ ಚಿಪ್ಪು ಕಳಚಿ ಹೊಸದು ಗಟ್ಟಿಯಾಗುವ ತನಕ ಅದು ಮೆತ್ತಗಿರುತ್ತದೆ. ಸುತ್ತಿಗೆಯೂ ಮೆತ್ತಗೆ. ಆ ಹೊತ್ತಿನಲ್ಲಿ ಬಿಲ ಕದಲಿಸಿದರೆ ಪ್ರಾಣಿ ಉಳಿಯುವುದು ಕಷ್ಟ. ಹಾಳಾದ ನೀರಿನಲ್ಲಿ ಪೊರೆ ಬಿಡುವುದೂ ಅಷ್ಟೇ ಕಷ್ಟ.

ಇನ್ನೊಂದು ಚಿಂತೆಯೂ ಇತ್ತು. ಬಾಗಿಲು ಹಾಕುವ ಮುಂಚೆ ಅದರ ಬಾಲದ ತಟ್ಟೆಯ ಮೇಲೆ ಕಂದು ಚುಕ್ಕೆಗಳನ್ನು ನೋಡಿದ್ದೆ. ನವಿಲು ಮ್ಯಾಂಟಿಸ್ ಸಾಕುವವರು ಹೆದರುವ ಚಿಪ್ಪುಕೊಳೆ ರೋಗ ಹೀಗೇ ಶುರುವಾಗುತ್ತದೆ. ಹಾಳಾದ ನೀರು, ಅಡಗಲು ಜಾಗ ಕೊಡದ ಬಿಲ, ಮೇಲಿನಿಂದ ಜೋರು ಬೆಳಕು, ಈ ಮೂರನ್ನೂ ಇದಕ್ಕೆ ಕಾರಣ ಎನ್ನುತ್ತಾರೆ. ನನ್ನಲ್ಲಿ ಮೊದಲನೆಯದು ಖಂಡಿತ ಇತ್ತು. ಮೂರನೆಯದೂ ಸ್ವಲ್ಪ ಇತ್ತು, ಯಾಕೆಂದರೆ ಎರಡು ಹವಳದ ತುಂಡುಗಳಿಗಾಗಿ ಲೈಟನ್ನು ದಿನಕ್ಕೆ ಹತ್ತು ಗಂಟೆ ಉರಿಸುತ್ತಿದ್ದೆ.

ಹೊರಗಿನಿಂದ ಎಷ್ಟು ಸಾಧ್ಯವೋ ಅಷ್ಟು ಮಾಡಿದೆ. ಲೈಟ್ ಆರಿಸಿದೆ. ಸಂಪಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಚೀಲ ಇಟ್ಟೆ. ಸ್ಕಿಮ್ಮರಿನ ಬಟ್ಟಲು ದಿನಾ ತೊಳೆದೆ, ಅದರ ಕುತ್ತಿಗೆಗೆ ಜಿಡ್ಡು ಕಟ್ಟಿದ್ದರೆ ನೊರೆ ಮೇಲೆ ಬರುವುದೇ ಇಲ್ಲ. ಕೆಂಪು ಲೋಳೆಯನ್ನು ತೆಳು ಕೊಳವೆಯಲ್ಲಿ ಎಳೆದು ಹೊರಹಾಕಿದೆ. ಅದು ನಿಜವಾಗಿ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯ. ಅದನ್ನು ಕೊಲ್ಲುವ ಔಷಧಿ ಸಿಗುತ್ತದೆ, ಹಾಕಲಿಲ್ಲ. ಅಷ್ಟು ಲೋಳೆ ಒಟ್ಟಿಗೆ ಸತ್ತು ಕೊಳೆತರೆ ಇನ್ನೊಂದು ಅಮೋನಿಯದ ಅಲೆ ಏಳುತ್ತದೆ.

ಮೂರು ದಿನಕ್ಕೊಮ್ಮೆ ಶೇಕಡ 15 ನೀರು ಬದಲಿಸಿದೆ. ಒಂದೇ ಸಲ ಅರ್ಧ ನೀರು ಬದಲಿಸಬಹುದಿತ್ತಲ್ಲ ಎಂದು ಕೇಳಬಹುದು. ಪೊರೆ ಬಿಡುವ ಪ್ರಾಣಿಗೆ ಉಪ್ಪಿನಂಶ, ಬಿಸಿ, ಪಿಎಚ್ ಒಮ್ಮೆಲೇ ಅಲುಗಾಡುವುದು ಒಳ್ಳೆಯದಲ್ಲ. ಹೊಸ ನೀರನ್ನು ಹಿಂದಿನ ದಿನವೇ ಕಲಸಿ, 25 ಡಿಗ್ರಿಗೆ ತಂದು, ಸಾಂದ್ರತೆ 1.025 ಇದೆಯೇ ನೋಡಿ, ಆಮೇಲೆ ನಿಧಾನಕ್ಕೆ ಸುರಿಯುತ್ತಿದ್ದೆ. ಲೆಕ್ಕದ ಪ್ರಕಾರ 80 ಇದ್ದ ನೈಟ್ರೇಟ್ ಒಂದು ಸಲ ಬದಲಿಸಿದರೆ 68ಕ್ಕೆ, ಐದು ಸಲಕ್ಕೆ 35ರ ಹತ್ತಿರ ಇಳಿಯಬೇಕು. ಐದು ಸಲ ಆದ ಮೇಲೆ ನನ್ನ ಕಿಟ್ ತೋರಿಸಿದ್ದು 50. ಅಂದರೆ ಒಳಗೆ ಎಲ್ಲೋ ಇನ್ನೂ ಕೊಳೆಯುತ್ತಿತ್ತು. ಬರೀ ನೀರು ಬದಲಿಸುತ್ತಾ ಕೂತಿದ್ದರೆ ಇದು ತಿಳಿಯುತ್ತಿರಲಿಲ್ಲ. ಇಷ್ಟು ಇಳಿಯಬೇಕಿತ್ತು, ಇಷ್ಟೇ ಇಳಿಯಿತು ಎಂದು ಹೋಲಿಸಿದ್ದಕ್ಕೆ ತಿಳಿಯಿತು.

ಹನ್ನೊಂದನೇ ದಿನ ಬೆಳಿಗ್ಗೆ ತಮ್ಮ ಎಬ್ಬಿಸಿದ. "ಅಣ್ಣ, ಹೋಯ್ತು ಅನ್ಸುತ್ತೆ, ಬಾ." ಬಿಲದ ಬಾಯಲ್ಲಿ ಅದು ಮಗುಚಿ ಬಿದ್ದಿತ್ತು. ಕಾಲು, ಬಾಲ, ಕಣ್ಣಿನ ಗುಂಡಿ ಎಲ್ಲ ಇದೆ, ಅಲುಗಾಟ ಇಲ್ಲ. ಒಂದು ನಿಮಿಷ ನನಗೂ ಎದೆ ಧಸಕ್ಕೆಂದಿತು. ಆಮೇಲೆ ಬೆಳಕು ಹಿಡಿದು ನೋಡಿದರೆ ಒಳಗೆ ಟೊಳ್ಳು. ಅದು ಕಳಚಿಟ್ಟ ಪೊರೆ. ಎರಡು ದಿನ ಬಿಟ್ಟು ಯಜಮಾನರು ಬಾಗಿಲಿಗೆ ಬಂದರು. ಹಸಿರು ಈಗತಾನೇ ಬಳಿದಂತೆ ಹೊಳೆಯುತ್ತಿತ್ತು. ಬಾಲದ ಮೇಲೆ ಒಂದೇ ಒಂದು ಮಸುಕು ಚುಕ್ಕೆ ಉಳಿದಿತ್ತು.

ಹಿತ್ತಲು

ಈಗ ಪೈಪಿನ ವಿಷಯ. ಈ ಜಾತಿ ಸಮುದ್ರದಲ್ಲಿ ಹವಳದ ದಿಬ್ಬದ ಅಂಚಿನ ಜಲ್ಲಿ ಮರಳಿನಲ್ಲಿ ಯು ಆಕಾರದ ಬಿಲ ಮಾಡಿಕೊಳ್ಳುತ್ತದೆ. ಅದಕ್ಕೇ ನಾನು ಎರಡು ಇಂಚಿನ ಪಿವಿಸಿ ಪೈಪಿಗೆ ಎರಡು ಎಲ್ಬೋ ಜೋಡಿಸಿ, ಪ್ರಾಣಿಯ ಎರಡರಷ್ಟಕ್ಕಿಂತ ಉದ್ದವಾಗಿ ಮಾಡಿ ಹೂತಿದ್ದೆ. ಅಳತೆ ಸರಿಯಿತ್ತು. ಒಂದು ಬಾಯಿ ಮುಂದೆ, ನಮಗೆ ಕಾಣುವಂತೆ. ಇನ್ನೊಂದು ಬಾಯಿ ಹಿಂದಿನ ಮೂಲೆಯಲ್ಲಿ, ದೊಡ್ಡ ಕಲ್ಲಿನ ಮರೆಗೆ. ಪೈಪ್ ಕಾಣಬಾರದು, ಚೆಂದ ಇರಲಿ ಎಂದು.

ಮ್ಯಾಂಟಿಸ್ ಕೊಳಕು ಪ್ರಾಣಿಯಲ್ಲ. ತನ್ನ ಬಿಲವನ್ನು ಬಹಳ ಶುದ್ಧವಾಗಿಡುತ್ತದೆ. ಒಡೆದ ಚಿಪ್ಪು, ತಿಂದುಳಿದ ಮಾಂಸ, ಎಲ್ಲವನ್ನೂ ಎತ್ತಿ ಆಚೆ ಹಾಕುತ್ತದೆ. ನನ್ನದು ಮುಂಬಾಗಿಲಲ್ಲಿ ಕೂತು ನಮ್ಮನ್ನು ನೋಡುತ್ತಿತ್ತು. ಕಸವನ್ನು ಹಿಂಬಾಗಿಲಿನಿಂದ ಎಸೆಯುತ್ತಿತ್ತು. ಆ ಹಿತ್ತಲಿಗೆ ನನ್ನ ಸೈಫನ್ (ಕಸ ಎಳೆಯುವ ಕೊಳವೆ) ಹೋಗುತ್ತಿರಲಿಲ್ಲ, ನೀರಿನ ಹರಿವೂ ಹೋಗುತ್ತಿರಲಿಲ್ಲ. ಮೂರು ತಿಂಗಳ ಕಸ ಅಲ್ಲೇ ಕೂತಿತ್ತು.

ಪ್ರಾಣಿ ಗಟ್ಟಿಯಾಗಲಿ ಎಂದು ಇನ್ನೂ ಒಂದು ವಾರ ಕಾದೆ. ಆಮೇಲೆ ತಮ್ಮ ಮುಂಬಾಗಿಲಲ್ಲಿ ಇಕ್ಕಳದಲ್ಲಿ ಸ್ಕ್ವಿಡ್ ಹಿಡಿದು ಅದನ್ನು ಮಾತಾಡಿಸುತ್ತಿದ್ದ. ನಾನು ಮಧ್ಯೆ ಅಕ್ರಿಲಿಕ್ ಹಾಳೆ ಅಡ್ಡ ಇಟ್ಟು ಹಿಂದಿನ ಕಲ್ಲು ಎತ್ತಿದೆ. ಇದರ ಟ್ಯಾಂಕಿಗೆ ಬರಿಗೈ ಹಾಕುವುದು ಹುತ್ತಕ್ಕೆ ಕೈ ಹಾಕಿದಂತೆ. ಬೆರಳು ಸೀಳಿಸಿಕೊಂಡವರು ಬೇಕಾದಷ್ಟಿದ್ದಾರೆ. ಕಲ್ಲು ಎತ್ತಿದ ಜಾಗದಲ್ಲಿ ಅಂಗೈ ಎತ್ತರದ ಚಿಪ್ಪಿನ ಗುಡ್ಡೆ. ಅದರಡಿಯ ಮರಳು ಕಪ್ಪಗೆ. ಪಿಚಕಾರಿಯಿಂದ ಸ್ವಲ್ಪ ನೀರು ಊದಿದರೆ ಬೂದಿಯಂಥ ಮೋಡ ಎದ್ದಿತು, ಜೊತೆಗೆ ಅದೇ ವಾಸನೆ. ತಕ್ಷಣ ಊದುವುದನ್ನು ನಿಲ್ಲಿಸಿದೆ. ಕಪ್ಪು ಮರಳಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದನ್ನು ಕಲಕಿ ನೀರಿಗೆ ಬಿಟ್ಟರೆ ವಿಷ. ಕಲಕದೆ ಎಳೆಯಬೇಕು. ದಪ್ಪ ಸೈಫನ್ನಿನಲ್ಲಿ ಒಂದು ದಿನಕ್ಕೆ ಮೂರನೇ ಒಂದು ಭಾಗದಂತೆ, ನಾಲ್ಕು ನಾಲ್ಕು ದಿನ ಬಿಟ್ಟು, ಮೂರು ಸಲದಲ್ಲಿ ಅಷ್ಟನ್ನೂ ತೆಗೆದೆ.

ದೊಡ್ಡ ಕಲ್ಲು ಮತ್ತೆ ಆ ಮೂಲೆಗೆ ಹೋಗಲಿಲ್ಲ. ಹಿಂಬಾಗಿಲು ಈಗ ಬಟಾಬಯಲು. ನೀರು ತಳ್ಳಿ ಹರಿವು ಎಬ್ಬಿಸುವ ಒಂದು ಸಣ್ಣ ವೇವ್ ಮೇಕರ್ ಆ ಕಡೆಗೇ ಮುಖ ಮಾಡಿದೆ. ಪಿವಿಸಿ ಪೈಪ್ ಕಾಣುತ್ತದೆ, ಹೌದು. ಕಾಣಲಿ.

ಉತ್ಸಾಹದಲ್ಲಿ ಇನ್ನೊಂದು ತಪ್ಪು ಮಾಡಿದೆ. ಚಿಪ್ಪಿನ ಒಂದು ಚೂರೂ ಬಿಡದಂತೆ ತೆಗೆದುಬಿಟ್ಟೆ. ಆ ರಾತ್ರಿ ಅದು ಎರಡೂ ಹವಳದ ತುಂಡು ಕಿತ್ತು ತಂದು ಬಾಗಿಲಿಗೆ ಇಟ್ಟುಕೊಂಡಿತು, ಇನ್ನೊಂದು ಕಲ್ಲಿನ ಬುಡ ತೋಡಿತು. ಬಾಗಿಲು ಕಟ್ಟಲು ಅದಕ್ಕೆ ಸಾಮಗ್ರಿ ಬೇಕು. ಮರುದಿನ ಎರಡು ಹಿಡಿ ಚಿಪ್ಪಿನ ಚೂರುಗಳನ್ನು ತೊಳೆದು ವಾಪಸ್ ಹಾಕಿದೆ. ಒಂದು ಗಂಟೆಯಲ್ಲಿ ಅದು ಒಂದೊಂದನ್ನೇ ಆರಿಸಿ ಒಳಗೊಯ್ದಿತು. ಎರಡು ಕಣ್ಣೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿದ್ದವು, ಒಂದು ಚೂರಿನ ಮೇಲೆ, ಒಂದು ನನ್ನ ಮೇಲೆ.

ಹಾಗಾದರೆ ಜೊತೆಗೆ ಯಾರು?

ಈ ಪ್ರಶ್ನೆಗೆ ನನ್ನ ಮೊದಲ ಉತ್ತರ: ಯಾರೂ ಬೇಡ. ಆದರೂ ಮನಸ್ಸು ಕೇಳುವುದಿಲ್ಲ, ಅಲ್ವಾ? ಒಂದೇ ಪ್ರಾಣಿ, ಅದೂ ಅರ್ಧ ದಿನ ಬಿಲದಲ್ಲಿ. ಟ್ಯಾಂಕ್ ಖಾಲಿ ಕಾಣುತ್ತದೆ.

ಶುರುವಿನಲ್ಲೇ ಮೂರು ನೀಲಿ ಡ್ಯಾಮ್ಸೆಲ್ ಮೀನು ಬಿಟ್ಟಿದ್ದೆ. ಚುರುಕು ಮೀನು, ಮೇಲಿನ ನೀರಿನಲ್ಲೇ ಈಜುತ್ತವೆ. ಸುತ್ತಿಗೆಯವರ ಜೊತೆ ಇವು ಬದುಕುವ ಸಾಧ್ಯತೆ ಇದೆ. ಈಟಿಯವರ ಜೊತೆ ಮೀನು ಬಿಡುವುದೆಂದರೆ ನೇರವಾಗಿ ತಟ್ಟೆಗೆ ಬಡಿಸಿದಂತೆ. ನಾಲ್ಕನೇ ತಿಂಗಳು ಒಂದು ಡ್ಯಾಮ್ಸೆಲ್ ಮಾಯವಾಯಿತು. ಅದು ರಾತ್ರಿ ಮಲಗುತ್ತಿದ್ದ ಬಿರುಕು ಬಿಲಕ್ಕೆ ತೀರಾ ಹತ್ತಿರವಿತ್ತು. ಉಳಿದೆರಡು ಮೇಲಿನ ಕಲ್ಲಿನಲ್ಲಿ ಮಲಗುತ್ತವೆ, ಇವತ್ತಿಗೂ ಇವೆ. ಇವತ್ತಿಗೂ ಎಂದಷ್ಟೇ ಹೇಳಬಲ್ಲೆ. ತಳದಲ್ಲಿ ಕೂರುವ ಗೋಬಿ ಮೀನು, ನಿಧಾನಕ್ಕೆ ತೇಲುವ ಕಡಲಕುದುರೆಯನ್ನಂತೂ ಯೋಚಿಸಲೇಬೇಡಿ. ಕ್ಲೀನರ್ ಶ್ರಿಂಪ್, ಏಡಿ, ಕಪ್ಪೆಚಿಪ್ಪು ಎಲ್ಲ ಊಟದ ಪಟ್ಟಿಯವು. ಇನ್ನೊಂದು ಮ್ಯಾಂಟಿಸ್ ಬಿಟ್ಟರೆ ಉಳಿಯುವುದು ಒಂದೇ.

ಮೀನು ಬಿಡುವಾಗ ನಾನು ಯೋಚಿಸದೇ ಇದ್ದ ಸಂಗತಿ ಒಂದಿತ್ತು. ಐದನೇ ತಿಂಗಳು ಒಂದು ಡ್ಯಾಮ್ಸೆಲ್‌ಗೆ ಬಿಳಿ ಚುಕ್ಕೆ ರೋಗ ಬಂತು. ಇದಕ್ಕೆ ಎಲ್ಲರೂ ಹೇಳುವ ಔಷಧಿ ತಾಮ್ರ. ಏಡಿ, ಸಿಗಡಿ, ಮ್ಯಾಂಟಿಸ್‌ಗಳಿಗೆ ತಾಮ್ರ ವಿಷ. ಒಮ್ಮೆ ಹಾಕಿದರೆ ಕಲ್ಲು, ಮರಳು ಅದನ್ನು ಹೀರಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತವೆ. ಎರಡು ಮೀನನ್ನೂ ಬಲೆ ಹಾಕಿ ಹಿಡಿದು ಬೇರೆ ಪುಟ್ಟ ಟ್ಯಾಂಕಿನಲ್ಲಿ ಔಷಧಿ ಮಾಡಬೇಕಾಯಿತು. ಮುಖ್ಯ ಟ್ಯಾಂಕಿನಲ್ಲಿ ಮೀನಿಲ್ಲದಿದ್ದರೆ ಆ ರೋಗದ ಜೀವಿ ಹೊಟ್ಟೆಗಿಲ್ಲದೆ ಸಾಯುತ್ತದೆ. ಅದಕ್ಕೆ ಎಂಟು ವಾರ ಹೊರಗಿಟ್ಟೆ. ಎರಡು ಬೆರಳುದ್ದದ ಮೀನಿಗಾಗಿ ಎಂಟು ವಾರ ಎರಡು ಟ್ಯಾಂಕಿನ ಚಾಕರಿ. ಜೊತೆಗಾರರನ್ನು ಆರಿಸುವಾಗ ಮ್ಯಾಂಟಿಸ್ ಇದನ್ನು ತಿನ್ನುತ್ತದೆಯೇ ಎಂದಷ್ಟೇ ನೋಡುತ್ತೇವೆ. ಇದಕ್ಕೆ ಹುಷಾರಿಲ್ಲದಾಗ ಏನು ಮಾಡುತ್ತೀರಿ ಎಂಬುದನ್ನೂ ನೋಡಬೇಕು.

ನಕ್ಷತ್ರಮೀನಿನ ಸಂಬಂಧಿ ಬ್ರಿಟಲ್ ಸ್ಟಾರ್ ಒಂದನ್ನು ಬಿಟ್ಟಿದ್ದೆ. ಒಂದು ತೋಳು ಕಳಕೊಂಡಿತು. ಅದನ್ನು ಸಂಪಿಗೆ ಹಾಕಿದೆ, ಅಲ್ಲಿ ತೋಳು ಮತ್ತೆ ಬೆಳೆಯುತ್ತಿದೆ. ಕಡಲ ಸೌತೆ ಬಿಡಿ, ಒಳ್ಳೆಯ ಕಸಬರಿಗೆ ಎಂದು ಒಬ್ಬರು ಸಲಹೆ ಕೊಟ್ಟರು. ಕೇಳಲಿಲ್ಲ. ಕೆಲವು ಜಾತಿಗಳು ಸತ್ತರೆ ಅಥವಾ ಏಟು ತಿಂದರೆ ನೀರಿಗೆ ವಿಷ ಬಿಡುತ್ತವೆ. ಈ ಮನೆಯಲ್ಲಿ ಏಟು ತಿನ್ನುವುದು ದಿನದ ಮಾತು.

ನಿಜವಾದ ಪೌರಕಾರ್ಮಿಕರು ನಾನು ಹಣ ಕೊಟ್ಟು ತಂದವರಲ್ಲ. ಲೈವ್ ರಾಕ್ ಜೊತೆ ತಾವಾಗಿ ಬಂದ ಬಿರುಗೂದಲ ಹುಳುಗಳು, ಆಂಫಿಪಾಡ್, ಕೊಪೆಪಾಡ್ ಎಂಬ ಸಿಗಡಿಯ ದೂರದ ನೆಂಟರಾದ ಪುಟಾಣಿ ಜೀವಿಗಳು. ಮೊದಲು ಬಿರುಗೂದಲ ಹುಳು ಕಂಡರೆ ಅಸಹ್ಯಪಟ್ಟು ಹಿಡಿದು ಬಿಸಾಡುತ್ತಿದ್ದೆ. ಈಗ ಲೈಟ್ ಆರಿದ ಮೇಲೆ ಟಾರ್ಚ್ ಹಿಡಿದು ಅವುಗಳನ್ನೇ ಎಣಿಸುತ್ತೇನೆ. ಸುತ್ತಿಗೆಯಿಂದ ಒಡೆಯಲು ಅವಕ್ಕೆ ಚಿಪ್ಪಿಲ್ಲ. ಮ್ಯಾಂಟಿಸ್ ಬಿಲಕ್ಕೂ ಮೈ ಮೆತ್ತಗಿನ ಸಣ್ಣ ಜೀವಿಗಳಿಗೂ ಇರುವ ನಂಟು ಹೊಸದೇನಲ್ಲ. ಫ್ಲಾರಿಡಾದ ಕಡಲಿನಲ್ಲಿ ಈಟಿ ಮ್ಯಾಂಟಿಸ್ ಬಿಲದ ಗೋಡೆಗೇ ಅಂಟಿಕೊಂಡು ಬದುಕುವ ಯೋಯೋ ಕ್ಲ್ಯಾಮ್ ಎಂಬ ಪುಟ್ಟ ಜೀವಿಯೇ ಇದೆ. ಹೆಸರಿಗೆ ಚಿಪ್ಪಿನ ಜಾತಿ, ಚಿಪ್ಪು ಮೈಯೊಳಗೆ ಅಡಗಿರುತ್ತದೆ.

ಉಳಿದ ಕೆಲಸ ನನ್ನದು. ಸಂಪಿನಲ್ಲಿ ಕೀಟೊಮಾರ್ಫ ಎಂಬ ತಂತಿ ಸುರುಳಿಯಂಥ ಪಾಚಿ ಬೆಳೆಸಿದ್ದೇನೆ, ಅದಕ್ಕೆ ರಾತ್ರಿ ಹೊತ್ತು ಬೆಳಕು. ಬೆಳೆದಂತೆ ಹಿಡಿ ಹಿಡಿಯಾಗಿ ಕಿತ್ತು ತೆಗೆದರೆ ಅದು ಹೀರಿದ ನೈಟ್ರೇಟ್ ಕೂಡ ಹೊರಗೆ ಹೋದಂತೆ. ಹವಳದ ಆಸೆ ಬಿಟ್ಟು ಮೇಲಿನ ಲೈಟನ್ನು ದಿನಕ್ಕೆ ಆರು ಗಂಟೆಗಳಿಗೆ ಇಳಿಸಿದೆ. ಊಟ ಎರಡು ದಿನಕ್ಕೊಮ್ಮೆ, ಇಕ್ಕಳದಲ್ಲಿ. ಫ್ರೀಜ್ ಕರಗಿದ ನೀರನ್ನು ಚೆಲ್ಲಿ, ತುಂಡನ್ನು ತೊಳೆದು ಕೊಡುತ್ತೇನೆ. ಎರಡು ಗಂಟೆಯಲ್ಲಿ ಮುಟ್ಟದಿದ್ದರೆ ತೆಗೆಯುತ್ತೇನೆ. ವಾರಕ್ಕೆ ಒಂದೇ ಒಂದು ಬಸವನಹುಳು, ಅದನ್ನು ಊಟ ಎಂದೇ ಪುಸ್ತಕದಲ್ಲಿ ಬರೆಯುತ್ತೇನೆ. ಗಾಜು ಒರೆಸಲು ಮ್ಯಾಗ್ನೆಟ್. ಅದರ ಮೇಲೂ ಒಂದೆರಡು ಪೆಟ್ಟು ಬಿದ್ದಿವೆ.

ಗುಡ್ಡೆ ತೆಗೆದ ಏಳನೇ ವಾರಕ್ಕೆ ನೈಟ್ರೇಟ್ 15ಕ್ಕೆ ಬಂತು. ಅಮೋನಿಯ ಅದಕ್ಕೂ ಮುಂಚೆಯೇ ಸೊನ್ನೆ. ಕೆಂಪು ಲೋಳೆ ಪೂರ್ತಿ ಹೋಗಲು ಇನ್ನೂ ಒಂದು ತಿಂಗಳು ಹಿಡಿಯಿತು. ಮುಂದಿನ ಪೊರೆಯಲ್ಲಿ ಬಾಲದ ಆ ಕೊನೆಯ ಚುಕ್ಕೆಯೂ ಹೋಯಿತು.

ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಸೈಫನ್ ಹಾಕುತ್ತೇನೆ. ಅದು ಮುಂಬಾಗಿಲಿನಿಂದ ಒಳಗೆ ಓಡಿ ಹಿಂಬಾಗಿಲಲ್ಲಿ ತಲೆ ಹಾಕಿ ನೋಡುತ್ತದೆ. ಈ ವಾರ ಗುಡ್ಡೆಯಲ್ಲಿ ಸಿಕ್ಕಿದ್ದು ಒಂದು ಟರ್ಬೊ ಚಿಪ್ಪಿನ ಐದು ಚೂರು, ಅರ್ಧ ಸ್ಕ್ವಿಡ್ ತುಂಡು, ಮತ್ತು ವೇವ್ ಮೇಕರನ್ನು ಗಾಜಿಗೆ ಅಂಟಿಸಿದ್ದ ರಬ್ಬರ್ ಬಿಲ್ಲೆಗಳಲ್ಲಿ ಒಂದು.